ತಟ್ಟೆ ಮಾಯವಾಗುವ ಆಳ

“ಮಾಯ!” ಎಂದು ಗಂಡ ಕೂಗಿದಾಗ ಹಗ್ಗ ಇನ್ನೂ ಒಂದು ಮಾರೂ ಇಳಿದಿರಲಿಲ್ಲ. ತೂಬಿನ ಕಟ್ಟೆಯ ಮೇಲೆ ಹಗ್ಗ ಹಿಡಿದು ಕೂತಿದ್ದ ಹೆಂಡತಿಗೆ ರೇಗಿತು. “ಇಷ್ಟು ಬೇಗ ಮಾಯ ಆಗೋಕೆ ಅದೇನು ಮನೆಕೆಲಸ ಕಂಡ ನೀವಾ?”

ಬಿಳಿ ತಟ್ಟೆಯೊಂದನ್ನು ಕೆರೆಗೆ ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳದಿಂದ ನೀರಿನ ತಿಳಿ ಅಳೆಯುವುದು ಇಬ್ಬರೂ ತಾವಾಗಿಯೇ ಒಪ್ಪಿಕೊಂಡಿದ್ದ ಭಾನುವಾರದ ಕೆಲಸ. ವಾರದಿಂದ ವಾರಕ್ಕೆ ಆಳ ಕಡಿಮೆಯಾಗುತ್ತಿತ್ತು. ಕೆರೆ ಕೆಡಿಸಿದಿರಿ ಎಂದು ಅವನು ಸಿಕ್ಕಸಿಕ್ಕವರ ಮೇಲೆಲ್ಲ ಹರಿಹಾಯುತ್ತಿದ್ದ. ಇವತ್ತು ಅವಳು ತಾನೇ ಬಗ್ಗಿ ನೋಡಿದಳು. ತಟ್ಟೆಯ ಅಂಚಿನ ಗೀರು ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು.

“ಇಲ್ಲೇ ಇದೆಯಲ್ರೀ!”

“ಎಲ್ಲೇ? ಬರೀ ಮಂಜು. ಕೆರೆ ಹಾಳಾಗಿದೆ ಅಂತ ನಾನು ಬಡ್ಕೊಂಡಿದ್ದು ಸುಳ್ಳಾ?”

ಅವಳು ಹಗ್ಗವನ್ನು ನಿಧಾನವಾಗಿ ಎಳೆದಳು. ತಟ್ಟೆ ನೀರಿನ ಮೇಲ್ಮೈಗೆ ಇನ್ನೊಂದು ಗೇಣು ಇದೆ ಅನ್ನುವಾಗ ಅವನು ಗೆದ್ದವನಂತೆ, “ಹಾಂ, ಈಗ ಕಾಣ್ತು ನೋಡು!” ಎಂದ.

ಅವಳ ನಾಲಿಗೆಯ ತುದಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು. ಏರಿಯ ಮೇಲೆ ಅವನು ಓಡಿಸುವ ಹಳದಿ ಶಾಲಾ ವ್ಯಾನು ನಿಂತಿತ್ತು. ನಾಳೆ ಬೆಳಿಗ್ಗೆ ಅದಕ್ಕೆ ಮಕ್ಕಳು ಹತ್ತಬೇಕು. ಅವಳು ಒದ್ದೆ ಕೈ ಚಾಚಿದಳು.

“ಕೆರೆಗೇನೂ ಆಗಿಲ್ಲ ಕಣ್ರೀ. ವ್ಯಾನ್ ಕೀ ಕೊಡಿ ಇಲ್ಲಿ.”