ತಿಪ್ಪನ ಮೂಗು

"ಆ ಮೂಗುಬೊಟ್ಟು ಬಿಚ್ಚು, ಇಲ್ಲಾಂದ್ರೆ ತೋಟದ ಮನೇಲಿ ಬಿದ್ದಿರು. ಬೀಗರು ಜಾವಗಲ್ ಬಿಟ್ಟಾಯ್ತಂತೆ!"

ನಂಜುಂಡಯ್ಯ ಮಗನ ಮೇಲೆ ಹಾಕಿದ ಕೂಗಿಗೆ ಮಗಳು ಹೇಮಾಶ್ರೀ ಸೆರಗು ಸಿಕ್ಕಿಸಿಕೊಳ್ಳುತ್ತಲೇ ಆಚೆ ಬಂದಳು. ಇವತ್ತು ಅವಳ ಮದುವೆಯ ಮಾತುಕತೆ. ಇಂಥ ಹೊತ್ತು ನೋಡಿಕೊಂಡೇ ತಮ್ಮ ದೀಪಕ್ ಅರಸೀಕೆರೆಗೆ ಹೋಗಿ ಮೂಗು ಚುಚ್ಚಿಸಿಕೊಂಡು ಬಂದಿದ್ದ. ಹೊಳ್ಳೆ ಇನ್ನೂ ಕೆಂಪಗೆ ಊದಿತ್ತು.

"ಬಿಚ್ಚಲ್ಲ ಅಪ್ಪ."

"ಗಂಡಸು ಕಣೋ ನೀನು! ಯಾಕೆ ಅಂತ ಕೇಳಿದ್ರೆ ಏನ್ ಹೇಳ್ಲಿ? ಆಮೇಲೆ ನಿನ್ನ ಕಾಯಿಲೆ ವಿಷಯಾನೂ ಕೆದಕ್ತಾರೆ. ಹುಡುಗಿ ಮದುವೆ ಮುರಿದು ಬೀಳ್ತದೆ."

ದೀಪಕ್ ಅಂಗಿಯ ತೋಳು ಮೇಲಕ್ಕೆ ಮಡಿಸಿದ. ರಕ್ತದ ಕ್ಯಾನ್ಸರ್ ವಾಸಿಯಾಗುವಷ್ಟರಲ್ಲಿ ಸೂಜಿ ತಿಂದೂ ತಿಂದೂ ನರಗಳೆಲ್ಲ ಕಪ್ಪಿಟ್ಟಿದ್ದವು. "ಇಲ್ಲೆಲ್ಲ ಚುಚ್ಚುವಾಗ ಯಾರೂ ನನ್ನ ಕೇಳ್ಲಿಲ್ಲ. ನಾನೇ ಬೇಕು ಅಂತ ಚುಚ್ಚಿಸ್ಕೊಂಡಿದ್ದು ಇದೊಂದೇ. ಇದನ್ನ ನೋಡ್ಕೊಂಡ್ರೆ ಈ ಮೈ ನಂದು ಅನ್ಸುತ್ತೆ."

ನಂಜುಂಡಯ್ಯ ಆ ತೋಳು ನೋಡಲಾರದೆ ಮುಖ ತಿರುಗಿಸಿದ. ಆದರೆ ಬಗ್ಗಿದರೆ ಯಜಮಾನಿಕೆ ಎಲ್ಲಿ ಉಳಿಯಿತು? ಹೊಡೆಯಲು ಕೈ ಎತ್ತಿದ.

"ಏನ್ಲಾ ತಿಪ್ಪಾ!"

ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ನಂಜುಂಡಯ್ಯನ ತಾಯಿ ಗಿಡ್ಡಮ್ಮ ಗುಡುಗಿದಳು. ಊರಿನ ದೊಡ್ಡ ಮನುಷ್ಯನಿಗೆ ಅಂಥದೊಂದು ಹೆಸರಿತ್ತೆಂಬುದೇ ಈಗ ಯಾರಿಗೂ ನೆನಪಿರಲಿಲ್ಲ. "ನಿನ್ನ ಮೂಗು ಮುಟ್ಕೊಂಡು ಮಾತಾಡ್ಲಾ. ನಿನಗಿಂತ ಮುಂಚಿನ ಎರಡು ಕೂಸೂ ಮಣ್ಣು ಸೇರಿದ್ವು. ಅದಕ್ಕೇ ನಿನ್ನ ತಿಪ್ಪೆ ಮೇಲೆ ಉರುಳಿಸಿ, ಮೂಗು ಚುಚ್ಚಿಸಿ, ತಿಪ್ಪ ಅಂತ ಕರೆದೆ. ಇದು ಬರೀ ಕಸ, ನಿನಗೆ ಬ್ಯಾಡ, ನಡಿ ಅಂತ ಸಾವಿನ ಮುಖಕ್ಕೇ ಹೇಳ್ದೆ. ಯಾವ ಬೀಗರ ಅಪ್ಪಣೇನೂ ಕೇಳಿರ್ಲಿಲ್ಲ!"

ಎತ್ತಿದ ಕೈ ಮೂಗಿಗೆ ಹೋಯಿತು. ಬಲಹೊಳ್ಳೆಯ ಮೇಲೆ ಸಾಸಿವೆ ಕಾಳಿನಷ್ಟು ಗುಳಿ. ದಿನಾ ಗಡ್ಡ ಹೆರೆಯುವಾಗ ಕಾಣುತ್ತಿದ್ದದ್ದೇ, ಆದರೆ ಅದು ಏನೆಂದು ಅವನು ಯೋಚಿಸಿ ಎಷ್ಟೋ ಕಾಲವಾಗಿತ್ತು.

ಅಷ್ಟರಲ್ಲಿ ಕಾರು ಬಂದು ನಿಂತಿತು. ಕೈಕಾಲು ತೊಳೆದು ಚಾಪೆಯ ಮೇಲೆ ಕೂತ ಬೀಗ ಕುಮಾರಸ್ವಾಮಿಯ ಕಣ್ಣು ನೇರವಾಗಿ ದೀಪಕನ ಮೂಗಿನ ಮೇಲೇ ಬಿತ್ತು.

"ಇದೇನ್ರೀ, ಹುಡುಗನಿಗೆ ಮೂಗುಬೊಟ್ಟು?"

ನಂಜುಂಡಯ್ಯ ಮಗನ ಕೈ ಹಿಡಿದೆಳೆದು ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಬೆರಳಿನಿಂದ ತನ್ನ ಮೂಗಿನ ಗುಳಿ ತೋರಿಸಿದ.

"ನಮ್ಮನೇಲಿ ಹಂಗೇ ಕಣ್ರೀ. ಸಾವನ್ನ ವಾಪಸ್ ಕಳಿಸಿದ ಗಂಡುಮಕ್ಕಳಿಗೆ ಮೂಗು ಚುಚ್ಚಿಸ್ತೀವಿ."