ಅಪ್ಪನ ಕಡೆಯ ಮತ

ಫಲಿತಾಂಶ ಬಂದ ಮರುದಿನ ಪಕ್ಕದೂರಿನ ಚನ್ನವೀರಪ್ಪ ಮಾಸ್ತರು ನಮ್ಮ ಮನೆಗೆ ಬಂದಾಗ ನಾನು ಎಡಗೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ. ತೋರುಬೆರಳಿನ ನೀಲಿ ಶಾಯಿ ನನ್ನ ಮತದ್ದು, ಉಂಗುರಬೆರಳಿನ ಕೆಂಪು ಶಾಯಿ ಅಪ್ಪನದು. ಸತ್ತವರಿಗೆ ಇನ್ನೊಂದು ಚುನಾವಣೆಯವರೆಗೆ ಮತವಿರುತ್ತದೆ. ಅದನ್ನು ಹಾಕಿ ಬರುವ ಕೆಲಸ ಹಿರಿಯ ಮಕ್ಕಳದು.

ಮಾಸ್ತರು ಲೋಕಸಭೆಗೆ ಆರನೆಯ ಸಲ ಪಕ್ಷೇತರರಾಗಿ ನಿಂತು ಆರನೆಯ ಸಲ ಸೋತಿದ್ದರು. ನಮ್ಮ ಮತಗಟ್ಟೆಯಲ್ಲಿ ಅವರಿಗೆ ಯಾವಾಗಲೂ ಬೀಳುತ್ತಿದ್ದದ್ದು ಒಂದೇ ಮತ, ಅದು ಅಪ್ಪನದು. "ನನ್ನ ವೋಟು ಮಾಸ್ತರಿಗೇ ಹಾಕವ್ವಾ" ಎಂದು ಹೇಳಿಯೇ ಅಪ್ಪ ಕಣ್ಣು ಮುಚ್ಚಿದ್ದ. ನಾನು ಎರಡನ್ನೂ ಗೆಲ್ಲುವವರಿಗೆ ಒತ್ತಿ ಬಂದಿದ್ದೆ.

ಮಾಸ್ತರು ಅಪ್ಪನ ಫೋಟೋಗೆ ಹಾರ ಹಾಕಿ, ಕಿಸೆಯಿಂದ ನಮ್ಮ ಮತಗಟ್ಟೆಯಲ್ಲಿ ಬಿದ್ದ ಮತಗಳ ಪಟ್ಟಿ ತೆಗೆದು ತೋರಿಸಿದರು.

"ನೋಡು ತಂಗಿ, ಈ ಸಲಾನೂ ಒಂದು ಬಿದ್ದೈತಿ. ಸತ್ತ ಮ್ಯಾಲೂ ನಿಮ್ಮಪ್ಪ ನನ್ನ ಕೈ ಬಿಡಲಿಲ್ಲ. ನೀನೂ ಅವನ ಮಾತು ಉಳಿಸಿದಿ."

ಆ ಒಂದು ಎಂಬ ಅಂಕಿಯನ್ನು ನಾನು ಮತ್ತೆ ಮತ್ತೆ ನೋಡಿದೆ.

ಅಷ್ಟರಲ್ಲಿ ಅವ್ವ ಚಹಾ ತಂದಳು. ಮಾಸ್ತರಿಗೆ ಹಾಕಿದ ವೋಟು ದಂಡ ಎಂದು ಇಪ್ಪತ್ತೈದು ವರ್ಷ ಅಪ್ಪನ ಜೊತೆ ಜಗಳವಾಡಿದವಳು ಅವಳು. ಮಾಸ್ತರು ಹೋದಮೇಲೆ, ಖಾಲಿ ಕಪ್ಪು ಎತ್ತಿಕೊಳ್ಳುತ್ತ ನನ್ನ ಸೆರಗಿನ ಕಡೆ ನೋಡಿದಳು.

"ನೀ ಹಾಕಂಗಿಲ್ಲಂತ ನನಗ ಗೊತ್ತಿತ್ತು. ಅದಕ್ಕ ನಂದು ಅವರಿಗೆ ಹಾಕಿದೆ," ಎಂದಳು. ಅಡುಗೆಮನೆಯ ಬಾಗಿಲಲ್ಲಿ ಒಮ್ಮೆ ನಿಂತಳು. "ನಾ ಸತ್ತ ಮ್ಯಾಲ ನನ್ನ ವೋಟಾದ್ರೂ ನಾ ಹೇಳಿದವರಿಗೆ ಹಾಕು."