ಐದು ವ್ಯಾಟಿನ ಪಂತ

ಶ್ರೀಪಾದರ ಹವ್ಯಾಸಿ ರೇಡಿಯೊದ ಶಕ್ತಿ ಐದೇ ವ್ಯಾಟ್, ದೇವರ ಕೋಣೆಯ ಪುಟ್ಟ ಬಲ್ಬಿನಷ್ಟು. ಅಷ್ಟರಲ್ಲೇ ಜಪಾನಿನವರನ್ನು ಮಾತನಾಡಿಸುತ್ತೇನೆಂದು ಅವರು ರೇಡಿಯೊ ಗೆಳೆಯರ ಮುಂದೆ ಪಂತ ಕಟ್ಟಿದ್ದರು. ತಾರಸಿಯ ಮೇಲೆ ಅಂಗುಲ ಅಂಗುಲ ಅಳೆದು ಆಂಟೆನಾ ತಂತಿ ಎಳೆದಿದ್ದರು. ನಲವತ್ತು ಮೀಟರ್, ಇಪ್ಪತ್ತು ಮೀಟರ್, ಹದಿನೈದು ಮೀಟರ್ ಎಂದು ರೇಡಿಯೊ ತರಂಗದ ಬ್ಯಾಂಡ್ ಬದಲಿಸುತ್ತ ಮೂರು ತಿಂಗಳು ಕರೆದರೂ ದನಿ ಮಂಗಳೂರು ದಾಟಿರಲಿಲ್ಲ.

"ಸೋತೆ ಅಂತ ಹೇಳ್ಬಿಡಿ, ಗಂಟಲಾದ್ರೂ ಉಳಿಯತ್ತೆ," ಎಂದು ಹೆಂಡತಿ ವನಮಾಲಾ ನಗುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಹದಿನೈದು ಮೀಟರ್ ಬ್ಯಾಂಡಿನಲ್ಲಿ ಜಪಾನಿನ ಒಸಾಕಾದ ಮುದುಕರೊಬ್ಬರು ಉತ್ತರಿಸಿದರು. ಐದೇ ವ್ಯಾಟ್ ಎಂದರೆ ನಂಬದೆ ಎರಡು ಸಲ ಕೇಳಿದರು. ಮಾತು ಮುಗಿದದ್ದೇ ತಡ, ಶ್ರೀಪಾದರು ಬಟ್ಟೆ ಒಣಗಿಸಲು ಹೋಗಿದ್ದ ಹೆಂಡತಿಗೆ ಹೇಳಲು ಎರಡೆರಡು ಮೆಟ್ಟಿಲು ಹಾರಿ ತಾರಸಿಗೆ ಓಡಿದರು.

ಅವರನ್ನು ಕಂಡು ವನಮಾಲಾ ಬೆಚ್ಚಿದರು. "ಬೈಬೇಡಿ ರೀ! ಹಗ್ಗದ ಮೇಲೆ ಜಾಗ ಇರ್ಲಿಲ್ಲ. ನಿಮ್ಮ ತಂತಿ ಮೇಲೆ ಎರಡು ಒದ್ದೆ ಸೀರೆ ಹರವಿದೀನಿ. ಈಗ್ಲೇ ತೆಗೀತೀನಿ."

ಶ್ರೀಪಾದರು ನೀರು ತೊಟ್ಟಿಕ್ಕುತ್ತಿದ್ದ ಸೀರೆಗಳನ್ನೂ ಜಗ್ಗಿದ ತಂತಿಯನ್ನೂ ನೋಡುತ್ತ ನಿಂತರು.

"ಜಪಾನ್ ಸಿಕ್ತು, ತೆಗೀಬೇಡ ಕಣೇ!" ಎಂದರು. "ಬಕೆಟ್‌ನಲ್ಲಿ ಇನ್ನೂ ಇದ್ರೆ ಹರವು, ಬ್ರೆಜಿಲ್ ಕರೆದು ನೋಡ್ತೀನಿ."